ಅಪ್ಪ ಪಾಯ ಹಾಕಿದ ಕೋಣೆ

ಶಿವಪುರ, ಮದ್ದೂರು
೧೧ ಫೆಬ್ರವರಿ ೨೦೨೪, ಭಾನುವಾರ

ಮಗಳೇ ಗಗನ,

ಹೋದ ಭಾನುವಾರ ನಿನ್ನ ಫೋನು ಬಂದಾಗ ಹೇಳಬೇಕೆಂದಿದ್ದು ಒಂದು, ಹೇಳಿದ್ದು ಇನ್ನೊಂದು. "ಊಟ ಆಯ್ತಾ, ಸ್ವೆಟರ್ ಹಾಕ್ಕಂಡಿದ್ದೀಯಾ" ಅನ್ನುವಷ್ಟರಲ್ಲಿ ಐದು ನಿಮಿಷ ಮುಗಿದು, ನಿನ್ನ ಹಿಂದೆ ನಿಂತ ಹುಡುಗಿ ಫೋನು ಕೇಳುತ್ತಿದ್ದಳು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಒಂಬತ್ತನೇ ಕ್ಲಾಸಿನ ಕೆಲವು ಮಕ್ಕಳನ್ನು ಒಂದು ವರ್ಷ ಹಿಂದಿ ಸೀಮೆಯ ನವೋದಯ ಶಾಲೆಗೆ ಕಳಿಸುತ್ತೇವೆ ಎಂದು ನಿಮ್ಮ ಮೇಷ್ಟ್ರು ಹೇಳಿದಾಗ, ಒಂದೇ ವರ್ಷ ತಾನೆ ಎಂದು ಸಹಿ ಹಾಕಿಬಿಟ್ಟೆ. ವರ್ಷ ಅನ್ನುವುದು ಎಷ್ಟು ಉದ್ದ ಎಂದು ಈಗ ಗೊತ್ತಾಗುತ್ತಿದೆ.

ವಿಷಯ ಏನೆಂದರೆ, ಹಿತ್ತಲ ಕೋಣೆಯ ಕೆಲಸ ಶುರು ಮಾಡಿಸಿದ್ದೇನೆ. ನಿಮ್ಮಪ್ಪ ಪಾಯ ಹಾಕಿಸಿ, ಕಿಟಕಿ ಮಟ್ಟದವರೆಗೆ ಗೋಡೆ ಎಬ್ಬಿಸಿ ಹೋದ ಕೋಣೆ. ಮಳವಳ್ಳಿ ರಸ್ತೆಯಲ್ಲಿ ಟೆಂಪೋ ಮಗುಚಿದ ಆ ದಿನದಿಂದ ಅದರ ಮೇಲೆ ಒಂದು ಇಟ್ಟಿಗೆಯೂ ಏರಿರಲಿಲ್ಲ. ನಾಲ್ಕು ವರ್ಷದಲ್ಲಿ ಒಳಗೆಲ್ಲ ಎಕ್ಕದ ಗಿಡ ನನ್ನೆತ್ತರ ಬೆಳೆದು ನಿಂತಿತ್ತು. ಬಟ್ಟೆ ಒಣಗಹಾಕುವಾಗಲೂ ನಾನು ಆ ಕಡೆ ಮುಖ ಮಾಡುತ್ತಿರಲಿಲ್ಲ. ಆದರೆ ನೀನು ಮೇ ತಿಂಗಳಲ್ಲಿ ಬಂದರೆ ಹತ್ತನೇ ಕ್ಲಾಸು. ರಜೆಗೆಂದು ಮನೆಗೆ ಬಂದಾಗೆಲ್ಲ ಓದಲು ಒಂದು ಜಾಗ ಬೇಡವೇ? ಜೊತೆಗೆ ಸಂಕ್ರಾಂತಿ ದಿನ ನಿಮ್ಮಜ್ಜಿ ಹಿತ್ತಲ ಬಚ್ಚಲಿಗೆ ಹೋಗುವಾಗ ಜಾರಿಬಿದ್ದು ಮೊಣಕೈ ಊದಿಸಿಕೊಂಡರು. ಬಚ್ಚಲನ್ನೂ ಮನೆಗೆ ಸೇರಿಸಿ ಕಟ್ಟಿಸುತ್ತೇನೆ.

ನಿನ್ನೆ ಫ್ಯಾಕ್ಟರಿಗೆ ರಜ ಹಾಕಿದೆ. ನಾನು, ಅಜ್ಜಿ ಇಬ್ಬರೂ ಕುಡುಗೋಲು ಹಿಡಿದು ಹಿತ್ತಲು ಸವರಿದೆವು. ಅಜ್ಜಿಗೆ ಸುಮ್ಮನೆ ಕೂರಿ ಎಂದರೆ ಕೇಳುತ್ತಾರೆಯೇ? "ಒಂದ್ ಕೈ ಊದ್ಕಂಡ್ರೆ ಊದ್ಕಳ್ಳಿ, ಕುಡ್ಲು ಇಡ್ಯಾಕೆ ಇನ್ನೊಂದ್ ಕೈ ಅದೆ" ಎಂದರು. ಗಾರೆ ಕೆಲಸಕ್ಕೆ ಮಳವಳ್ಳಿಯ ಮಹದೇವು ಬರುತ್ತಾರೆ. ಅವತ್ತು ಪಾಯ ಹಾಕಿದವರೂ ಅವರೇ, ನಿನಗೆ ನೆನಪಿರಲಿಕ್ಕಿಲ್ಲ.

ಕೋಣೆಗೆ ಏನೇನು ಬೇಕು ಬರೆ.

ನಿನ್ನ ಅವ್ವ
ನಾಗಮಣಿ


ಲಲಿತಪುರ
೨೫ ಫೆಬ್ರವರಿ ೨೦೨೪

ಅವ್ವ,

ಕಾಗದ ಬಂದು ಮೂರು ದಿನವಾಯಿತು. ಎಷ್ಟು ಸಲ ಓದಿದೆ ಎಂದು ಹೇಳಿದರೆ ನಗುತ್ತೀಯ. ಕನ್ನಡದ ಅಕ್ಷರ ನೋಡಿದ್ದೇ ಒಂದು ಖುಷಿ. ಪಕ್ಕದ ಮಂಚದ ಹುಡುಗಿ "ಜಿಲೇಬಿ ಹಾಗಿದೆ" ಎಂದಳು.

ಕಿಟಕಿ ಪೂರ್ವಕ್ಕೇ ಇರಲಿ, ಬೇರೆ ಕಡೆ ತಿರುಗಿಸಬೇಡ. ಅಪ್ಪ ನನ್ನನ್ನು ಎತ್ತಿ ಇಟ್ಟಿಗೆ ರಾಶಿಯ ಮೇಲೆ ನಿಲ್ಲಿಸಿ, ಇಲ್ಲಿ ಕೂತು ಓದಿದರೆ ಹೊಂಗೆ ಮರ ಕಾಣುತ್ತದೆ ಎಂದಿದ್ದ. ಗೋಡೆಗೆ ತಿಳಿಹಸಿರು ಬಣ್ಣ. ಪುಸ್ತಕ ಇಡಲು ಗೋಡೆಯಲ್ಲೇ ಮೂರು ಗೂಡು. ಅಪ್ಪ ನೆಟ್ಟ ಕಾಕಡದ ಬಳ್ಳಿಗೆ ಸಿಮೆಂಟು ಬೀಳದ ಹಾಗೆ ಗೋಣಿಚೀಲ ಕಟ್ಟಿಸು, ಮರೆಯಬೇಡ. ಆ ಕೋಣೆಯಲ್ಲಿ ನಾನು, ನೀನು ಇಬ್ಬರೇ ಮಲಗೋಣ. ಅಜ್ಜಿ ಬೇಕಾದರೆ ಬರಲಿ, ಆದರೆ ಗೊರಕೆ ಹೊಡೆಯಬಾರದು. ಬೇರೆ ಯಾರೂ ಬೇಡ.

ಇಲ್ಲಿ ಎಲ್ಲ ಚೆನ್ನಾಗಿದೆ. ರೊಟ್ಟಿ, ಆಲೂಗಡ್ಡೆ ಅಭ್ಯಾಸವಾಗಿದೆ. ಸ್ವಲ್ಪ ನೆಗಡಿ ಇತ್ತು, ಹೋಯಿತು. ಹಿಂದಿಯಲ್ಲಿ ಜಗಳ ಆಡುವಷ್ಟು ಕಲಿತಿದ್ದೇನೆ. ನನ್ನ ಬಗ್ಗೆ ಯೋಚನೆ ಮಾಡಬೇಡ, ಕೋಣೆಯ ಬಗ್ಗೆ ಬರೆ. ಪ್ರತಿಯೊಂದನ್ನೂ ಬರೆ.

ಗಗನ


ಶಿವಪುರ
೧೦ ಮಾರ್ಚ್ ೨೦೨೪

ಮಗಳೇ,

ಹಸಿರು ಬಣ್ಣ ಎಂದು ಮಹದೇವುಗೆ ಹೇಳಿದ್ದೇನೆ. ಗೂಡುಗಳನ್ನೂ ಬಿಟ್ಟಿದ್ದಾರೆ. ಕಿಟಕಿ ಪೂರ್ವಕ್ಕೇ ಬಂತು. ನಾನು ಬಾಯಿ ತೆಗೆಯುವ ಮೊದಲೇ ಮಹದೇವು, "ಈ ಕಿಟಕಿಗೋಸ್ಕರ ಸಿದ್ದೇಸ ನನ್ ಜೊತೆ ಜಗಳನೇ ಆಡಿದ್ದ" ಎಂದರು.

ಹಿತ್ತಲನ್ನು ಈಗ ನೀನು ನೋಡಬೇಕು. ಹೊಸ ಬಚ್ಚಲ ನೀರು ಸುಮ್ಮನೆ ಹರಿದು ಹೋಗುವುದು ಯಾಕೆ ಎಂದು ಮಹದೇವು ಒಂದು ಸಣ್ಣ ಕಾಲುವೆ ತೆಗೆದು ಪಾತಿಗೆ ತಿರುಗಿಸಿದರು. ಒಂದು ಪಾತಿಗೆ ದಂಟು, ಒಂದಕ್ಕೆ ಮೆಣಸಿನ ಸಸಿ, ಗೋಡೆ ಬದಿಗೆ ಬದನೆ. ಬೆಳಿಗ್ಗೆ ಐದೂವರೆಗೆ ಎದ್ದು ಗೆಜ್ಜಲಗೆರೆ ಬಸ್ಸಿಗೆ ಹೋಗುವ ಮೊದಲು ಹತ್ತು ನಿಮಿಷ ಅಲ್ಲಿ ನಿಲ್ಲುತ್ತೇನೆ. ಫ್ಯಾಕ್ಟರಿಯಲ್ಲಿ ದಿನಕ್ಕೆ ಅಷ್ಟೊಂದು ಕಾಲರು ಹೊಲಿಯುತ್ತೇನೆ, ಒಂದೂ ನನ್ನದಲ್ಲ. ಇಲ್ಲಿ ಒಂದು ದಂಟಿನ ಎಲೆ ಮೇಲೆದ್ದರೆ ನನ್ನದು ಅನ್ನಿಸುತ್ತದೆ.

ಮೊನ್ನೆ ಮಹದೇವು ಊರಿಂದ ಬರುವಾಗ ನುಗ್ಗೆ ಕೊಂಬೆಯನ್ನು ಬೈಕಿಗೆ ಕಟ್ಟಿಕೊಂಡು ಬಂದು ಮೂಲೆಗೆ ನೆಟ್ಟರು. ಹೀರೆ ಬಳ್ಳಿಗೆ ಚಪ್ಪರ ನಾನೂ ಅಜ್ಜಿಯೂ ಹಾಕಿದ್ದು. ಅದು ವಾಲಿದ ಮೇಲೆ ಗಳ ಬಿಗಿದು ಕಟ್ಟಿದ್ದು ಮಹದೇವು. ಮಧ್ಯಾಹ್ನ ಅಜ್ಜಿ ಅವರಿಗೆ ಊಟಕ್ಕೆ ಬಡಿಸುತ್ತ, "ಮಾದೇವ, ಇನ್ನೊಂದ್ ಮುದ್ದೆ ತಿನ್ಲಾ, ನಿನ್ ಮೈ ನೋಡುದ್ರೆ ನೀನ್ ಗೋಡೆ ಕಟ್ಟಿದ್ದೋ, ಗೋಡೆನೇ ನಿನ್ನ ಆನ್ಕಂಡ್ ನಿಲ್ಸಿರೋದೋ ಗೊತ್ತಾಗಕ್ಕಿಲ್ಲ" ಎಂದರು. ಮಹದೇವು ತಲೆ ಬಗ್ಗಿಸಿಕೊಂಡು ತಿಂದರು. ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ನಕ್ಕ ಮೇಲೆ, ಈ ಮನೆಯಲ್ಲಿ ನನ್ನ ನಗು ಕೇಳಿ ಎಷ್ಟು ದಿನವಾಯಿತೋ ಅನ್ನಿಸಿತು.

ಕಾಕಡಕ್ಕೆ ಗೋಣಿ ಕಟ್ಟಿದೆ. ಮೊಗ್ಗು ಬಂದಿದೆ. ತಾರಸಿ ಹಾಕುವುದು ಯುಗಾದಿ ಆದ ಮೇಲೆ ಎಂದು ಮಹದೇವು ಹೇಳುತ್ತಾರೆ.

ಪರೀಕ್ಷೆಗೆ ಚೆನ್ನಾಗಿ ಓದು.

ಅವ್ವ


ಲಲಿತಪುರ
೨೨ ಮಾರ್ಚ್ ೨೦೨೪

ಅವ್ವ,

ನಾಳೆ ಗಣಿತ ಪರೀಕ್ಷೆ. ಆದರೂ ನಿನ್ನ ಕಾಗದ ಹಿಡಿದು ಲೆಕ್ಕ ಮಾಡಿದೆ. ಮಹದೇವು ಅನ್ನುವ ಹೆಸರು ಏಳು ಸಲ ಬಂದಿದೆ. ಅಜ್ಜಿ ಕರೆದ ಮಾದೇವ ಸೇರಿಸಿದರೆ ಎಂಟು. ಅಪ್ಪನ ಹೆಸರು ಒಂದೇ ಸಲ. ಅದೂ ನಿನ್ನ ಮಾತಿನಲ್ಲಿ ಅಲ್ಲ, ಅವರ ಬಾಯಲ್ಲಿ.

ಆ ಕೋಣೆ ಯಾರಿಗೆ ಕಟ್ಟುತ್ತಿದ್ದೀಯ?

ಗಗನ


ಶಿವಪುರ
೭ ಏಪ್ರಿಲ್ ೨೦೨೪

ಮಗಳೇ,

ಎರಡು ಭಾನುವಾರ ಫೋನು ಕೈಯಲ್ಲೇ ಹಿಡಿದು ಕೂತಿದ್ದೆ. ನೀನು ಮಾಡಲಿಲ್ಲ. ಈ ಕಾಗದವನ್ನು ಮೂರು ಸಲ ಬರೆದು ಹರಿದಿದ್ದೇನೆ. ಮೊದಲನೆಯದರಲ್ಲಿ ನಿನ್ನ ಮೇಲೆ ಸಿಟ್ಟು ಮಾಡಿದ್ದೆ, ಎರಡನೆಯದರಲ್ಲಿ ಸುಳ್ಳು ಬರೆದಿದ್ದೆ, ಮೂರನೆಯದು ಬರೀ ಅಳು. ಇದರಲ್ಲಿ ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಕೋಣೆ ಕಟ್ಟಿಸಲು ಹೊರಟಿದ್ದು ನಿನಗೇ. ಅದರಲ್ಲಿ ಸುಳ್ಳಿಲ್ಲ. ಹೋದ ತಿಂಗಳು ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅಜ್ಜಿ ಇದ್ದಕ್ಕಿದ್ದ ಹಾಗೆ, "ಲೇ ಮಾದೇವ, ನಮ್ ನಾಗನ್ನ ಮದ್ವೆ ಆಯ್ತೀಯೇನ್ಲಾ?" ಎಂದು ಕೇಳಿಬಿಟ್ಟರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಹದೇವುಗೆ ಊಟ ನೆತ್ತಿಗೆ ಹತ್ತಿ ಕೆಮ್ಮು ಬಂತು. ನೀರು ಕುಡಿದು, "ನಂಗೇನೋ ಆಸೆ ಅದೆ ಕಣಜ್ಜಿ, ಇಲ್ಲ ಅನ್ನಾಕಿಲ್ಲ. ಆದ್ರೆ ಮೊದ್ಲು ಇವ್ರುನ್ನ ಕೇಳಿ. ಇವ್ರಿಗಿಂತ ಮೊದ್ಲು ಮಗೀನ ಕೇಳಿ" ಎಂದು ಎದ್ದು ಕೈ ತೊಳೆದರು. ಇಬ್ಬರು ತಂಗಿಯರ ಮದುವೆ ಮಾಡಿ ಮುಗಿಸುವಷ್ಟರಲ್ಲಿ ತನ್ನ ವಯಸ್ಸು ದಾಟಿತು ಎನ್ನುತ್ತಾರೆ. ನಲವತ್ತೊಂದು.

ಅವರು ಹೋದ ಮೇಲೆ ನಾನು ಅಜ್ಜಿಯ ಮೇಲೆ ಕೂಗಾಡಿದೆ. ನಿಮ್ಮ ಮಗನ ಹೆಂಡತಿ ನಾನು, ನಿಮ್ಮ ಬಾಯಲ್ಲಿ ಈ ಮಾತು ಹೇಗೆ ಬಂತು ಎಂದೆ. ಅಜ್ಜಿ ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂತಿದ್ದರು. ತಲೆ ಎತ್ತಲಿಲ್ಲ. "ನಾನೂ ಮೂವತ್ತೆರಡಕ್ಕೆ ಗಂಡನ್ನ ಕಳ್ಕಂಡೋಳೇ ಕಣ್ ನಾಗ. ಎರಡು ವರ್ಸದ ಸಿದ್ದೇಸನ್ನ ಸೊಂಟಕ್ಕಾಕ್ಕಂಡು ಕೂಲಿ ಮಾಡ್ದೆ. ಎಲ್ರೂ ಗಟ್ಟಿಗಿತ್ತಿ ಗಟ್ಟಿಗಿತ್ತಿ ಅಂದ್ರು. ನಿಂಗೇನ್ ಬೇಕಮ್ಮಿ ಅಂತ ಒಬ್ರೂ ಕೇಳ್ನಿಲ್ಲ. ಕೇಳಿದ್ರೆ ಒಪ್ತಿದ್ನೋ ಬುಡ್ತಿದ್ನೋ. ಕೇಳ್ನೇ ಇಲ್ವಲ್ಲ" ಎಂದರು. ನಾನೂ ಪಕ್ಕದಲ್ಲಿ ಕೂತು ಹುಣಸೆ ಬೀಜ ತೆಗೆದೆ.

ಗಗನ, ನಿನಗೆ ಹದಿನಾಲ್ಕು. ಇದನ್ನು ನಿನಗೆ ಬರೆಯುವುದು ಸರಿಯೋ ತಪ್ಪೋ ಗೊತ್ತಿಲ್ಲ. ನಿಮ್ಮಪ್ಪ ಇದ್ದಾಗ ಕರೆಂಟು ಹೋದರೆ, "ನೀನ್ ಅಲ್ಲೇ ನಿಂತ್ಕೊ, ನಾನ್ ದೀಪ ತತ್ತೀನಿ" ಎನ್ನುತ್ತಿದ್ದರು. ನಾಲ್ಕು ವರ್ಷದಿಂದ ಕರೆಂಟು ಹೋದಾಗಲೆಲ್ಲ ಒಂದು ಕ್ಷಣ ನಿಂತೇ ಇರುತ್ತೇನೆ. ಆಮೇಲೆ ನಾನೇ ತಡಕಾಡಿ ಬೆಂಕಿಪೊಟ್ಟಣ ಹುಡುಕುತ್ತೇನೆ. ಅಪ್ಪನನ್ನು ಮರೆತಿದ್ದರೆ ಹಾಗೆ ನಿಲ್ಲುತ್ತಿರಲಿಲ್ಲ. ಮರೆಯದೆಯೂ ಇನ್ನೊಬ್ಬರು ಬರಲಿ ಅನ್ನಿಸಬಹುದು ಎಂದು ನನಗೂ ಈಗಲೇ ಗೊತ್ತಾಗಿದ್ದು.

ನಾನು ಅವರಿಗೆ ಹೂಂ ಅಂದಿಲ್ಲ. ನಿನ್ನ ಕಾಗದ ಬಂದ ದಿನವೇ, ಮಗಳ ಉತ್ತರ ಬರುವವರೆಗೆ ಕೆಲಸ ನಿಲ್ಲಲಿ ಎಂದೆ. ಕರಣೆ, ಗೋಡೆಯ ನೇರ ನೋಡುವ ಗುಂಡು ತೊಳೆದು ಚೀಲಕ್ಕೆ ಹಾಕಿಕೊಂಡು ಹೋದರು. ಗೋಡೆ ಮುಗಿದಿದೆ, ತಾರಸಿ ಆಗಿಲ್ಲ. ನೀನು ಬೇಡ ಎಂದರೆ ಬೇಡ. ಅದಕ್ಕೆ ಕಾರಣ ಬರೆಯಬೇಕಾಗಿಲ್ಲ. ಬೇಡ ಎಂದು ಒಂದೇ ಪದ ಬರೆದರೂ ಸಾಕು.

ನಿನ್ನ ಅವ್ವ


ಶಿವಪುರ
೨೧ ಏಪ್ರಿಲ್ ೨೦೨೪

ಮಗಳೇ,

ನಿನ್ನಿಂದ ಕಾಗದವೂ ಇಲ್ಲ, ಫೋನೂ ಇಲ್ಲ. ನನಗೆ ಅರ್ಥವಾಯಿತು.

ಈ ಸಲ ಊರಿನಲ್ಲಿ ಬಾಬಾಸಾಹೇಬರ ಜಯಂತಿ ತಡವಾಗಿ ಮೊನ್ನೆ ನಡೆಯಿತು, ಎಲ್ಲರೂ ಹೊಸ ಬಟ್ಟೆ ಹಾಕಿಕೊಂಡು ಮೆರವಣಿಗೆ ಹೊರಟಿದ್ದರು. ಅಲ್ಲಿ ಮಹದೇವು ಸಿಕ್ಕರು. ಇದು ಇಲ್ಲಿಗೆ ಸಾಕು ಎಂದು ನಾನೇ ಹೇಳಿದೆ. "ಸರಿ ಕಣಮ್ಮ" ಎಂದರು, ಅಷ್ಟೇ. ಮುತ್ತತ್ತಿಯಲ್ಲಿ ಕೆಲಸ ಸಿಕ್ಕಿದೆಯಂತೆ, ಹೋಗಿದ್ದಾರೆ. ತಾರಸಿಗೆ ಬೇರೆ ಯಾರನ್ನಾದರೂ ನೋಡುತ್ತೇನೆ. ಆಗದಿದ್ದರೆ ಈ ವರ್ಷಕ್ಕೆ ತಗಡಿನ ಶೀಟು ಹೊದಿಸೋಣ.

ಅಜ್ಜಿ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಉಪ್ಪು ಬೇಕಾದರೆ ಕೋಳಿಗೆ ಹೇಳುತ್ತಾರೆ: "ಉಪ್ಪ ತಕ್ಕೊಡಾಕೇಳು ಅವುಳ್ಗೆ." ನಿನ್ನೆ ಸಂಜೆ ಗಾಳಿ ಎದ್ದು ಮೊದಲ ಮಳೆ ಬಿತ್ತು. ಸೂರಿಲ್ಲದ ಕೋಣೆಯಲ್ಲಿ ಪಾದ ಮುಳುಗುವಷ್ಟು ನೀರು. ನಾನು ಮಗ್ಗಿನಲ್ಲಿ ಎತ್ತಿ ಎತ್ತಿ ಮೆಣಸಿನ ಪಾತಿಗೆ ಹೊಯ್ದೆ. ಗಿಡಗಳು ಚೆನ್ನಾಗಿವೆ. ಅವಕ್ಕೇನು.

ನೀನು ಮನಸ್ಸಿಗೆ ಏನೂ ಹಚ್ಚಿಕೊಳ್ಳಬೇಡ. ಒಂದು ಸಲ ಫೋನು ಮಾಡು. ಏನೂ ಕೇಳುವುದಿಲ್ಲ. ಊಟ ಆಯ್ತಾ ಎಂದಷ್ಟೇ ಕೇಳುತ್ತೇನೆ.

ಅವ್ವ


ಲಲಿತಪುರ
೨೨ ಏಪ್ರಿಲ್ ೨೦೨೪

ಅವ್ವ,

ನಿನ್ನ ಏಳನೇ ತಾರೀಕಿನ ಕಾಗದ ಬಂದು ಆರು ದಿನವಾಯಿತು. ಮೊದಲ ದಿನ "ಬೇಡ" ಎಂದು ಒಂದು ಹಾಳೆಯಲ್ಲಿ ಬರೆದು ಕವರಿಗೂ ಹಾಕಿದ್ದೆ. ಅಂಚೆ ಡಬ್ಬದವರೆಗೂ ಹೋಗಿದ್ದೆ. ಹಾಕದೆ ವಾಪಸು ಬಂದೆ. ಯಾಕೆ ಎಂದು ಹೇಳಬೇಕಾದರೆ ನಾನು ಮುಚ್ಚಿಟ್ಟಿದ್ದನ್ನೂ ಹೇಳಬೇಕು.

ಫೆಬ್ರವರಿಯಲ್ಲಿ ನೆಗಡಿ ಎಂದು ಬರೆದೆನಲ್ಲ, ನೆಗಡಿಯಲ್ಲ, ಜ್ವರ. ಎಂಟು ದಿನ ಸಿಕ್ ರೂಮಿನಲ್ಲಿದ್ದೆ. ನೀನು ಎಲ್ಲ ಬಿಟ್ಟು ರೈಲು ಹತ್ತಿಬಿಡುತ್ತೀಯ ಎಂದು ಮನೆಗೆ ಹೇಳಬೇಡಿ ಎಂದು ನರ್ಸ್ ದೀದಿಯನ್ನು ನಾನೇ ಬೇಡಿಕೊಂಡೆ. ಆ ಮಂಚದ ಮೇಲೆ ಮಲಗಿ, ಅಪ್ಪ ಈಗ ಬಂದು ನನ್ನನ್ನು ಕರೆದರೆ ಹೇಗಿರುತ್ತದೆ ಎಂದು ನೆನಪು ಮಾಡಿಕೊಂಡೆ. ಮುಖ ಬಂತು. ಅಂಗಿಯ ಕಾಲರು ಬಂತು. ಟೆಂಪೋದ ಡೀಸೆಲ್ ವಾಸನೆ ಬಂತು. ಸ್ವರ ಮಾತ್ರ ಬರಲಿಲ್ಲ. ಬಂದಿದ್ದು ನಮ್ಮ ವಾರ್ಡನ್ ಸ್ವರ. ಆವತ್ತಿಂದ ಎಷ್ಟು ಸಲ ಪ್ರಯತ್ನ ಪಟ್ಟರೂ ಅಪ್ಪನ ಸ್ವರ ನನಗೆ ಕೇಳಿಸುತ್ತಿಲ್ಲ ಅವ್ವ.

ಇದನ್ನು ನಿನಗೆ ಹೇಗೆ ಹೇಳಲಿ? ಫೋನಿನಲ್ಲಿ ಅತ್ತರೆ ಹಿಂದೆ ನಿಂತವರೆಲ್ಲ ನೋಡುತ್ತಾರೆ. ಅದಕ್ಕೇ ಫೋನಿಗೆ ಬರಲಿಲ್ಲ. ನಮ್ಮ ಮನೆಯಲ್ಲಿ ಇನ್ನೊಬ್ಬ ಗಂಡಸು ಮಾತಾಡಲು ಶುರು ಮಾಡಿದರೆ ಅಪ್ಪನ ಸ್ವರ ಇನ್ನು ಯಾವತ್ತೂ ವಾಪಸು ಬರುವುದಿಲ್ಲ ಎಂದು ಹೆದರಿಕೆಯಾಯಿತು. ನಿನ್ನ ಮೇಲಿನ ಸಿಟ್ಟು ಅದೇ.

ಆದರೆ ನೀನು ಕರೆಂಟು ಹೋದಾಗ ನಿಂತೇ ಇರುತ್ತೇನೆ ಎಂದು ಬರೆದಿದ್ದೀಯಲ್ಲ, ಅದನ್ನು ಓದಿದಾಗಿನಿಂದ ನನಗೆ ನಿನ್ನದೇ ಚಿತ್ರ. ನಾನು ಮನೆಯಲ್ಲಿದ್ದಾಗಲೂ ಹಾಗೆ ನಿಲ್ಲುತ್ತಿದ್ದೆಯಾ? ನಾನು ಒಂದು ಸಲವೂ ನೋಡಲಿಲ್ಲವಲ್ಲ.

ಹೂಂ ಎಂದು ಬರೆಯಲು ನನಗೆ ಇನ್ನೂ ಕೈ ಬರುತ್ತಿಲ್ಲ. ಬೇಡ ಎಂದು ಬರೆಯಲೂ ಬರುತ್ತಿಲ್ಲ. ಕೆಲಸ ನಿಲ್ಲಿಸಬೇಡ. ತಾರಸಿ ಹಾಕಿಸು, ಅವರ ಕೈಯಲ್ಲೇ ಹಾಕಿಸು. ನಾನು ಬಂದು ಅವರನ್ನು ನೋಡಬೇಕು, ಮಾತಾಡಬೇಕು. ಒಂದು ಮಾತು ಈಗಲೇ ಹೇಳಿಬಿಡು: ಅವರನ್ನು ಅಪ್ಪ ಎಂದು ಕರೆಯುವುದಿಲ್ಲ. ಯಾವತ್ತೂ ಕರೆಯುವುದಿಲ್ಲ. ಅದಕ್ಕೆ ಅವರಿಗೆ ಬೇಜಾರಾದರೆ ಬರುವುದೇ ಬೇಡ.

ಹನ್ನೆರಡನೇ ತಾರೀಕು ಇಲ್ಲಿಂದ ಹೊರಡುತ್ತೇವೆ. ಹದಿನಾಲ್ಕಕ್ಕೆ ಮೇಷ್ಟ್ರು ಬೆಂಗಳೂರು ಸ್ಟೇಷನ್ನಿನಲ್ಲಿ ಒಪ್ಪಿಸುತ್ತಾರಂತೆ. ನೀನು ಬಾ.

ಗಗನ


ಶಿವಪುರ
೩ ಮೇ ೨೦೨೪

ನನ್ನ ಮಗಳೇ,

ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ, ನೀನು ಹೊರಡುವ ಮೊದಲು ಕೈ ಸೇರಲಿ. ನಿನ್ನ ಕಾಗದ ಮೂವತ್ತನೇ ತಾರೀಕು ಬಂತು. ಅಷ್ಟರಲ್ಲಿ ನಾನು ಎಲ್ಲ ಮುಗಿಸಿ ನಿನಗೊಂದು ಕಾಗದ ಹಾಕಿ ಆಗಿತ್ತು. ಅದು ನಿನಗೆ ತಲುಪಿದ್ದರೆ ಅತ್ತಿರುತ್ತೀಯ, ಮರೆತುಬಿಡು. ನೀನು ಸುಮ್ಮನಿದ್ದದ್ದನ್ನು ನಾನು ಬೇಡ ಎಂದು ಓದಿಕೊಂಡೆ.

ನಿನ್ನ ಕಾಗದವನ್ನು ಅಜ್ಜಿಗೆ ಓದಿ ಹೇಳಿದೆ. ಹತ್ತು ದಿನದ ಮೇಲೆ ನನ್ನ ಜೊತೆ ಮಾತಾಡಿದರು: "ಅದ್ಯಾಕಿನ್ನೂ ಕೂತಿದ್ದೀಯಮ್ಮಿ? ಬಸ್ಸಿಲ್ವಾ?" ಒಂದನೇ ತಾರೀಕು ಫ್ಯಾಕ್ಟರಿಗೆ ರಜ. ಮಳವಳ್ಳಿಗೆ ಹೋಗಿ, ಹಲಗೂರಿನ ಮೇಲೆ ಮುತ್ತತ್ತಿ ಬಸ್ಸು ಹತ್ತಿದೆ. ಬಸ್ಸಿನ ತುಂಬ ಹೊಳೆಯಲ್ಲಿ ಈಜಲು ಹೊರಟ ಜನ. ಕೈಯಲ್ಲಿ ಮಗಳ ಕಾಗದ ಹಿಡಿದುಕೊಂಡು ಹೊರಟವಳು ನಾನೊಬ್ಬಳೇ.

ದೇವಸ್ಥಾನದ ಹಿಂದೆ ಒಂದು ತಂಗುಮನೆಗೆ ಮಹದೇವು ಗಾರೆ ಹಾಕುತ್ತಿದ್ದರು. ನನ್ನನ್ನು ನೋಡಿ ಕರಣೆ ಕೆಳಗಿಡುವುದನ್ನೂ ಮರೆತು ನಿಂತರು. ಹೊಳೆ ದಂಡೆಯ ಮೇಲೆ ಕೂತು ನಿನ್ನ ಕಾಗದ ಓದಿದೆ. ನಿನ್ನನ್ನು ಕೇಳದೆ ಓದಿದ್ದು ತಪ್ಪೇ. ಅಪ್ಪ ಎಂದು ಕರೆಯುವುದಿಲ್ಲ ಅನ್ನುವ ಕಡೆ ನನ್ನ ಸ್ವರ ಸಣ್ಣಗಾಯಿತು. "ಅದನ್ನ ಇನ್ನೊಂದ್ಸಲ ಓದಿ" ಎಂದರು. ಓದಿದೆ. "ಸರ್‍ಯಾಗೇ ಬರ್ದವ್ಳೆ. ಸಿದ್ದೇಸನ್ ಮಗಳು ಸಿದ್ದೇಸನ್ನೇ ಅಪ್ಪ ಅನ್ಬೇಕು. ನನ್ನ ಏನಾರ ಕರೀಲಿ, ಕರೀದೇನೂ ಇರ್‍ಲಿ" ಎಂದರು.

ಆಮೇಲೆ ಒಂದು ಸಂಗತಿ ನಡೆಯಿತು. ನೀನು ಬರೆದ ಆ ಸ್ವರದ ವಿಷಯ ಕೇಳಿ ಅವರು ಪಾಯ ಹಾಕಿದ ದಿನದ ಕಥೆ ತೆಗೆದರು. ಕಿಟಕಿ ಯಾವ ಕಡೆ ಎಂದು ಇಬ್ಬರಿಗೂ ಜಗಳವಾಗಿ, ಅಪ್ಪ ಇಟ್ಟಿಗೆ ಮೇಲೆ ಹತ್ತಿ ನಿಂತು, "ಲೇ ಮಾದೇವಾ, ನನ್ ಮಗ್ಳು ಓದೋ ರೂಮು ಕಣ್ಲಾ ಇದು, ಕತ್ಲೇಲಿ ಕೂರುಸ್ತೀಯಾ ಅವ್ಳ?" ಎಂದಿದ್ದರಂತೆ. ಅವರು ಅದನ್ನು ಹೇಳಿದ್ದು ತಮ್ಮ ಸ್ವರದಲ್ಲಿ ಅಲ್ಲ, ಗಗನ. ನಿಮ್ಮಪ್ಪ ಮಾತು ಶುರು ಮಾಡುವಾಗ ನಿಧಾನವಾಗಿ ಎಳೆದು, ಕೊನೆಗೆ ಬರುವಷ್ಟರಲ್ಲಿ ಅವಸರ ಮಾಡಿ ಅರ್ಧ ನುಂಗಿಬಿಡುತ್ತಿದ್ದರಲ್ಲ, ಹಾಗೇ ಹೇಳಿದರು. ತಾನು ಹಾಗೆ ಹೇಳಿದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ನಾನು ಅಳುವುದನ್ನು ನೋಡಿ, "ಏನಾಯ್ತು, ಏನ್ ತಪ್ ಮಾತಾಡ್ದೆ?" ಎಂದು ಗಾಬರಿಯಾದರು. ನನಗೂ ಆ ಸ್ವರ ಮರೆತು ಹೋಗಿತ್ತು ಮಗಳೇ. ನಾನು ನಿನಗೆ ಹೇಳಿರಲಿಲ್ಲ, ಅಷ್ಟೇ.

ಅವರು ನಿನ್ನೆಯಿಂದ ಕೆಲಸಕ್ಕೆ ಬಂದಿದ್ದಾರೆ. ನಾಳಿದ್ದು ಭಾನುವಾರ ತಾರಸಿ. ನೀನು ಬರುವಾಗ ಒಳಗೆಲ್ಲ ಇನ್ನೂ ಹಸಿ ತಾರಸಿಯನ್ನು ಹೊತ್ತ ಊರೆಗಂಬಗಳು ನಿಂತಿರುತ್ತವೆ, ಬಣ್ಣವೂ ಆಗಿರುವುದಿಲ್ಲ. ಒಂದಷ್ಟು ದಿನ ಅಜ್ಜಿಯ ಗೊರಕೆ ಕೇಳಿಕೊಂಡು ನಡುಮನೆಯಲ್ಲೇ ಮಲಗಬೇಕು.

ಸ್ಟೇಷನ್ನಿಗೆ ನೀವೂ ಬರುತ್ತೀರಾ ಎಂದು ಕೇಳಿದ್ದಕ್ಕೆ ಬೇಡ ಎಂದರು. "ಮೊದ್ಲು ತಾಯಿ ಮಗಳು ಮನೆಗೋಗಿ. ಅವಳು ತಿರುಗಾಡ್ಕಂಡು ಎಲ್ಲಾ ನೋಡ್ಲಿ. ನಾನು ಮಾರ್ನೇ ದಿಸ ಬತ್ತೀನಿ. ಬಾಗ್ಲು ಆಕ್ಕಂಡಿರಿ, ತಟ್ತೀನಿ. ನೀವೂ ತೆಗೀಬೇಡಿ, ಅಜ್ಜಿನೂ ತೆಗೀಬಾರ್ದು. ಅವಳ್ಗೆ ತೆಗೀಬೇಕು ಅನ್ಸಿದ್ರೆ ತೆಗೀಲಿ" ಎಂದರು. ಅವಳು ತೆಗೆಯದಿದ್ದರೆ ಎಂದು ಕೇಳಿದೆ. ಜಗಲಿ ಮೇಲೆ ಕೂತಿರುತ್ತಾರಂತೆ. ಮೇ ತಿಂಗಳ ಬಿಸಿಲು ಮಧ್ಯಾಹ್ನದವರೆಗೂ ಜಗಲಿ ಮೇಲೇ ಇರುತ್ತದೆ ಎಂದೆ.

"ಇರ್‍ಲಿ ಬುಡಿ. ಗಾರೆ ಕೆಲ್ಸದೋನಿಗೆ ಬಿಸ್ಲು ಒಸ್ದಾ?" ಎಂದರು.

ಹುಷಾರಾಗಿ ಬಾ.

ನಿನ್ನ ಅವ್ವ